ಕ್ಯಾಲೆಂಡರಿನ ಹಿಂದಿನ ಗೋಡೆ

ಹಳೆ ಗೋಡೆಗೆ ಮೊದಲ ಗುದ್ದಲಿ ಹಾಕಿದವನು ಉಲ್ಲಾಸನೇ. ಆಮೇಲೆ ಅವನು ಕಾಲೇಜಿನವರನ್ನು ಬೈದ, ಇಲಾಖೆಯವರನ್ನು ಬೈದ, ಸತ್ತು ಎರಡು ವರ್ಷವಾಗಿದ್ದ ಅಪ್ಪನನ್ನೂ ಬಿಡಲಿಲ್ಲ. ಎಷ್ಟು ಬೈದರೂ ಆ ಗುದ್ದಲಿಯ ಕಾವು ಮಾತ್ರ ಅವನ ಅಂಗೈ ಬಿಟ್ಟು ಹೋಗಲಿಲ್ಲ.

ಸಿದ್ದಾಪುರದಿಂದ ಶಿರಸಿ ರಸ್ತೆ ಹಿಡಿದು, ಒಂದು ತಿರುವಿನಲ್ಲಿ ಬಸ್ಸಿಳಿದು, ಮುಕ್ಕಾಲು ಗಂಟೆ ನಡೆದರೆ ಬಿಳಿಜಡ್ಡಿ. ಏಳು ಮನೆ. ಏಳೂ ಮನೆಗಳ ಕೆಳಗಿನ ನೆಲ ಸರಕಾರದ ಕಾಗದದಲ್ಲಿ ಕಾಡು. ಅಲ್ಲೇ ಹುಟ್ಟಿ, ಅಲ್ಲೇ ಗದ್ದೆ ಮಾಡಿ, ಅಲ್ಲೇ ಸತ್ತವರನ್ನು ಅದೇ ಕಾಗದ ಅತಿಕ್ರಮಣದಾರರು ಎನ್ನುತ್ತದೆ. ಉಲ್ಲಾಸನ ಅಪ್ಪ ಕೆರಿಯಪ್ಪ ಹದಿನೈದು ವರ್ಷದ ಹಿಂದೆ ಜಾಗದ ಹಕ್ಕಿಗೆ ಅರ್ಜಿ ಕೊಟ್ಟಿದ್ದ. ಅರ್ಜಿ ಮೇಲೆ ಹೋಯಿತು, ತಿರಸ್ಕಾರವಾಗಿ ಕೆಳಗೆ ಬಂತು, ಮರುಪರಿಶೀಲನೆ ಅಂತ ಮತ್ತೆ ಮೇಲೆ ಹೋಯಿತು. ಎಲ್ಲ ಸಲವೂ ಕೇಳಿದ್ದು ಒಂದೇ ಮಾತು: ಮೂರು ತಲೆಮಾರಿನಿಂದ ನೀವು ಇಲ್ಲೇ ಇದ್ದೀರಿ ಎನ್ನುವುದಕ್ಕೆ ಗುರುತು ತೋರಿಸಿ.

ಗುರುತು ಅಂತ ಕೆರಿಯಪ್ಪನ ಹತ್ತಿರ ಇದ್ದದ್ದು ಒಂದು ಗೋಡೆ.

ಬಿಳಿಜಡ್ಡಿಯವರು ದೀವರು. ದೀವರ ಮನೆಯಲ್ಲಿ ಮದುವೆ ಬಂದರೆ ಒಳಗೋಡೆಗೆ ಕೆಮ್ಮಣ್ಣು ಸಾರಿಸಿ, ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುತ್ತಾರೆ. ಪುಂಡಿ ನಾರಿನ ಕುಂಚದಲ್ಲಿ ಎಳೆದ ಸಣ್ಣ ಸಣ್ಣ ಗೆರೆ, ನಡುವೆ ಮದುಮಕ್ಕಳ ಗೊಂಬೆ. ಮುಂದಿನ ಮದುವೆಗೆ ಹಳೆಯದನ್ನು ಕೆರೆಯುವುದಿಲ್ಲ. ಅದರ ಮೇಲೇ ಮತ್ತೆ ಕೆಮ್ಮಣ್ಣು, ಮತ್ತೆ ಬಿಳಿ ಗೆರೆ. ಕೆರಿಯಪ್ಪ ಆ ಗೋಡೆಯ ಒಂದು ಮೂಲೆಯಲ್ಲಿ ಅಂಗೈಯಗಲ ಜಾಗವನ್ನು ಚಾಕುವಿನಿಂದ ಮೆಟ್ಟಿಲು ಮೆಟ್ಟಿಲಾಗಿ ಎಬ್ಬಿಸಿ ಇಟ್ಟಿದ್ದ. ಮೇಲಿನ ಪದರ ಅವನ ಮದುವೆಯದು. ಅದರ ಕೆಳಗಿನದು ಅವನ ಅವ್ವ ಚೌಡಮ್ಮನದು. ಇನ್ನೂ ಕೆಳಗೆ, ಹೊಗೆ ಕುಡಿದು ಹಳದಿಯಾದ ಗೆರೆಗಳು ಚೌಡಮ್ಮನ ಅತ್ತೆಯ ಮದುವೆಯವು. ಮೂರು ಮದುವೆ, ಮೂರು ತಲೆಮಾರು. ಧೂಳು ಕೂರದಿರಲಿ ಅಂತ ಅದರ ಮೇಲೆ ಸೊಸೈಟಿಯ ಕ್ಯಾಲೆಂಡರು ನೇತುಹಾಕಿದ್ದ. ಪ್ಯಾಂಟು ಹಾಕಿದವರು ಯಾರೇ ಬರಲಿ, ಓಡಿಹೋಗಿ ಕ್ಯಾಲೆಂಡರು ಎತ್ತುತ್ತಿದ್ದ.

ಒಮ್ಮೆ ಕರೆಂಟಿನ ಮೀಟರು ನೋಡುವವನಿಗೂ ಎತ್ತಿ ತೋರಿಸಿದ. ಅವನು ಬಗ್ಗಿ ನೋಡಿ, "ಚಂದ ಇದೆ, ಸ್ವಲ್ಪ ನೀರು ಕೊಡಿ" ಅಂದ. ಆಗ ಉಲ್ಲಾಸ ಒಂಬತ್ತನೇ ಕ್ಲಾಸು. ಅಪ್ಪ ಗಾಯ ಬಿಚ್ಚಿ ತೋರಿಸಿ ಬೇಡುವವನ ಹಾಗೆ ಕಂಡಿದ್ದ. ಅದೇ ವರ್ಷ ಶಾಲೆ ಬಿಟ್ಟು ಶಿರಸಿಯಲ್ಲಿ ಗಾರೆ ಕೆಲಸಕ್ಕೆ ಸೇರಿದ. ಹತ್ತು ವರ್ಷದಲ್ಲಿ ಎಷ್ಟೋ ಮಂದಿಗೆ ಗಟ್ಟಿ ಮನೆ ಕಟ್ಟಿಕೊಟ್ಟ. ತಾನು ಬಂದು ಮಲಗಿದ್ದು ಮಾತ್ರ ಆ ಕ್ಯಾಲೆಂಡರಿನ ಕೆಳಗೇ.

ಫೆಬ್ರವರಿಯಲ್ಲಿ ಎರಡು ವ್ಯಾನು ಬಂದವು. ದೂರದ ದೊಡ್ಡ ಊರಿನ ಕಾಲೇಜು; ಮನೆ ಕಟ್ಟುವುದನ್ನೇ ಐದು ವರ್ಷ ಓದುವ ಹುಡುಗ ಹುಡುಗಿಯರು ಹದಿನಾರು ಮಂದಿ. ವರ್ಷಕ್ಕೊಂದು ಬಡ ಕುಟುಂಬ ಹುಡುಕಿ, ತಾವೇ ನಕ್ಷೆ ಬರೆದು, ತಾವೇ ಕೈಯಾರೆ ಕಟ್ಟಿಕೊಡುವುದು ಅವರ ಕ್ರಮ. ಮೇಷ್ಟರು ಸದಾಶಿವ ಸರ್ ಉಲ್ಲಾಸನ ಹೆಗಲ ಮೇಲೆ ಕೈಯಿಟ್ಟು ಕೇಳಿದರು.

"ಜಾಗ ನಿಮ್ಮದೇ ತಾನೆ? ಕಾಗದದ ತಕರಾರು ಏನಿಲ್ಲವಲ್ಲ? ಇದ್ದರೆ ಈಗಲೇ ಹೇಳಿ. ಅರಬೈಲ್ ಕಡೆ ಇನ್ನೊಂದು ಮನೆ ನೋಡಿಟ್ಟಿದ್ದೇವೆ."

"ನಮ್ದೇ ಸರ್. ಅಜ್ಜನ ಅಪ್ಪನ ಕಾಲದಿಂದ್ಲೂ ನಮ್ದೇ."

ಸುಳ್ಳೇನಲ್ಲ. ಆದರೆ ಕಾಗದದ ತಕರಾರಿನ ಮಾತನ್ನು ಎತ್ತಲಿಲ್ಲ.

ಹುಡುಗರ ಗುಂಪಿಗೆ ಮುಂದಾಳು ಚೇತನಾ ಅನ್ನುವವಳು. ಅವಳು ಚೌಡಮ್ಮನ ಎದುರು ನೆಲದ ಮೇಲೇ ಚಕ್ಕಳ ಬಕ್ಕಳ ಕೂತು ನೋಟ್‌ಬುಕ್ಕು ತೆರೆದಳು. "ಅಜ್ಜಿ, ನಿಮಗೆ ಎಂಥಾ ಮನೆ ಬೇಕು?"

ಚೌಡಮ್ಮ ಅವಳ ಹರಿದ ಪ್ಯಾಂಟಿನ ಮೊಣಕಾಲನ್ನೇ ನೋಡುತ್ತಿದ್ದಳು. "ನನ್ನ ಮನೆ ಇರ್ಲಿ ಕೂಸೆ, ಮೊದ್ಲು ನಿಂಗೊಂದು ಪ್ಯಾಂಟು ಹೊಲ್ಸಬೇಕು."

ಎಲ್ಲರೂ ಗೊಳ್ಳೆಂದು ನಕ್ಕರು. ಉಲ್ಲಾಸನ ತಂಗಿ ರೋಹಿಣಿ ಬಾಯಿಗೆ ಸೆರಗು ಒತ್ತಿ ಒಳಗೆ ಓಡಿದಳು.

"ಹೊಗೆ ಹೊರಗೆ ಹೋಗೂ ಹಂಗೆ ಒಂದು ಅಡುಗೆಮನೆ ಮಾಡ್ಕೊಡಿ," ಅಂದಳು ಚೌಡಮ್ಮ. "ಮತ್ತೆಂತದೂ ಬ್ಯಾಡ. ಆದ್ರೆ ಆ ಗೋಡೆ ಒಂದು ಮುಟ್ಟಬ್ಯಾಡಿ. ಸಾಹೇಬ್ರು ಬಂದು ನೋಡಿ ಬರ್ಕೊಂಡು ಹೋಗೂವರಿಗೆ ಅದು ನಿಂತಿರ್ಲಿ."

"ಯಾವ ಸಾಹೇಬರು?" ಚೇತನಾ ಉಲ್ಲಾಸನ ಕಡೆ ತಿರುಗಿದಳು.

ಉಲ್ಲಾಸನಿಗೆ ಅರಬೈಲ್ ಘಟ್ಟದ ಯಾವುದೋ ಮನೆಯ ಮುಂದೆ ಈ ಎರಡು ವ್ಯಾನು ನಿಂತ ಹಾಗೆ ಕಂಡಿತು. "ಅದೆಲ್ಲ ಹಳೇ ಕತೆ," ಎಂದ. "ಅಜ್ಜಿಗೆ ಆ ಗೋಡೆ ಅಂದ್ರೆ ಜೀವ. ಅಷ್ಟೇ."

ಚೇತನಾಳ ಕಣ್ಣು ತುಂಬಿ ಬಂತು. ಅಲ್ಲಿಂದಲೇ ಕೆಟ್ಟಿತು. ಗೋಡೆ ದಾಖಲೆ ಅಂತ ಗೊತ್ತಾಗಿದ್ದರೆ ಅವಳು ಮುಟ್ಟುತ್ತಿರಲಿಲ್ಲ. ಜೀವ ಅಂತ ಗೊತ್ತಾದ್ದರಿಂದ ಅದಕ್ಕೊಂದು ಮರ್ಯಾದೆ ಮಾಡಲೇಬೇಕು ಅನ್ನಿಸಿತು. ಎರಡು ದಿನ ಕೂತು, ದೊಡ್ಡ ಹಾಳೆಯಲ್ಲಿ ಬಣ್ಣದ ನಕ್ಷೆ ಬರೆದು ತಂದಳು.

"ನಿಮ್ಮ ಗೋಡೆ ಎಲ್ಲೂ ಹೋಗೋದಿಲ್ಲ ಅಜ್ಜಿ. ಅದರ ಮಣ್ಣನ್ನೇ ಪುಡಿ ಮಾಡಿ, ಜರಡಿ ಹಿಡಿದು, ಹೊಸ ಗೋಡೆಗೆ ಹಾಕಿ ಬಡಿತೀವಿ. ಹಳೇ ಮನೆ ಹೊಸ ಮನೆಯ ಒಳಗೇ ಇರುತ್ತೆ."

ಸದಾಶಿವ ಸರ್ ಚಪ್ಪಾಳೆ ತಟ್ಟಿದರು. ಹುಡುಗರೂ ತಟ್ಟಿದರು.

"ಪುಡಿ ಮಾಡಿದ್ಮೇಲೆ ಇದ್ದಂಗೆ ಹೆಂಗಾತು?" ಎಂದು ಚೌಡಮ್ಮ ಕೇಳಿದಳು. ಪ್ಯಾಂಟಿನ ಮಾತಿಗೆ ನಕ್ಕ ಹಾಗೇ ಅದಕ್ಕೂ ಎಲ್ಲರೂ ನಕ್ಕರು.

ಅವರೆಲ್ಲ ತಾವು ಉಳಿದಿದ್ದ ಶಾಲೆಯ ಕಡೆ ಊಟಕ್ಕೆ ಹೋದ ಮೇಲೆ ಅವಳು ಮೊಮ್ಮಗನ ಅಂಗಿ ಹಿಡಿದು ನಿಲ್ಲಿಸಿದಳು. "ತಮಾ, ನಿನ್ನಪ್ಪ ಸಾಯೂ ಹೊತ್ತಿಗೆ ಎಂತ ಹೇಳಿದ್ದ? ಗೋಡೆ ಕಾಯಿ ಅಂತ ಅಲ್ದನಾ?"

"ಹದಿಮೂರು ವರ್ಷ ಅಪ್ಪ ಆ ಕ್ಯಾಲೆಂಡರು ಎತ್ತಿ ಎತ್ತಿ ಸತ್ತ! ಯಾವ ಸಾಹೇಬ ಬಂದ? ಯಾರು ಬರ್ಕೊಂಡ್ರು? ಗಟ್ಟಿ ಮನೆ ಇದ್ದವನ್ನ ಯಾರೂ ಎಬ್ಸೂದಿಲ್ಲ ಅಜ್ಜಿ. ಗುಡಿಸ್ಲಲ್ಲಿ ಇದ್ದವನ್ನೇ ಎಬ್ಸೂದು. ಶಿರಸಿಲಿ ನೋಡಿದೀನಿ ನಾನು."

"ನೀ ನೋಡಿದ್ದು ಪ್ಯಾಟೆ," ಅಂದಳು ಚೌಡಮ್ಮ. ಅಂಗಿ ಬಿಟ್ಟಳು.

ಹಾಗೆ ಮಾರ್ಚ್ ಮೊದಲ ವಾರ ಉಲ್ಲಾಸ ಗುದ್ದಲಿ ಎತ್ತಿದ. ಮೊದಲ ಪೆಟ್ಟನ್ನು ಬೇಕೆಂದೇ ಕ್ಯಾಲೆಂಡರಿನ ಜಾಗಕ್ಕೇ ಹಾಕಿದ. ಗೋಡೆ ಸುಲಭಕ್ಕೆ ಬೀಳಲಿಲ್ಲ. ಒಳಗಿನಿಂದ ಒಂದು ಹಳೆಯ ಹೊಗೆಯ ವಾಸನೆ ಎದ್ದು ಬಂದು ಮೂಗಿಗೆ ಹೊಡೆಯಿತು. ಹುಡುಗರು ಫೋಟೋ ತೆಗೆದರು. ಚೌಡಮ್ಮ ಅಂಗಳದ ತುದಿಯಲ್ಲಿ ಬೆನ್ನು ಹಾಕಿ ಕೂತು, ಕಾಯಿಲ್ಲದ ಹಲಸಿನ ಮರ ನೋಡುತ್ತಿದ್ದಳು.

ಸಂಜೆಗೆ ಮುಂಚೆ ಅರಣ್ಯ ಇಲಾಖೆಯ ಗಾರ್ಡ್ ಶಾಂತಾರಾಮ ಬಂದ. ಅಂಕೋಲೆ ಕಡೆಯವನು, ಮೆತ್ತಗೆ ಮಾತಾಡುವವನು. ಮನೆಯ ಹಿಂದಿನ ಒಣ ಮತ್ತಿ ಮರಕ್ಕೆ ಹಿಂದಿನ ವಾರವಷ್ಟೇ ಕೆಂಪು ಬಣ್ಣದಲ್ಲಿ ನಂಬರು ಬರೆದು ಹೋಗಿದ್ದ. ಕಡಿಯುವ ಮರಕ್ಕೆ ಹಾಗೆ ನಂಬರು ಬೀಳುತ್ತದೆ. ಅವನು ಬಿದ್ದ ಗೋಡೆಯ ಗುಪ್ಪೆಯನ್ನು ಒಮ್ಮೆ ನೋಡಿದ, ಉಲ್ಲಾಸನನ್ನು ಒಮ್ಮೆ ನೋಡಿದ.

"ಸಿಮೆಂಟು ಹಾಕ್ತ್ರನಾ?"

"ಇಲ್ಲ. ಬರೀ ಮಣ್ಣು."

"ಮಣ್ಣಾದ್ರೆ ನಾ ಕಂಡಿಲ್ಲ. ಕಟ್ಕಳಿ." ಅಷ್ಟು ಹೇಳಿ ಹೊರಟವನು ಬೇಲಿಯ ದಣಪೆಯ ಹತ್ತಿರ ನಿಂತ. "ಅಲ್ಲಾ ಮಾರಾಯಾ, ಅದನ್ನ ಕೆಡವೂ ಮೊದ್ಲು ಯಾರನ್ನಾದ್ರೂ ಕೇಳಿದ್ಯನಾ ನೀನು?"

"ನನ್ನ ಮನೆ ಕೆಡವೂಕೆ ಯಾರನ್ನ ಕೇಳ್ಬೇಕು?"

ಶಾಂತಾರಾಮ ನಕ್ಕ. ನಕ್ಕು, ಕಿಸೆಯಿಂದ ಪುಸ್ತಕ ತೆಗೆದು ಏನೋ ಬರೆದುಕೊಂಡು ಹೋದ.

ಏಳು ವಾರ ಮನೆಯವರು ಅಂಗಳದಲ್ಲಿ ನೀಲಿ ಟಾರ್ಪಾಲಿನ ಕೆಳಗೆ ಇದ್ದರು. ಕೆಳಗೆ ಮೂರು ಕಲ್ಲಿನ ಒಲೆ, ಮೇಲೆ ಬಿಸಿಲು. ಒಂದು ದಿನ ಚೌಡಮ್ಮ ತಲೆ ಮಿಂದು ಕೂದಲು ಕೆದರಿಕೊಂಡು ಕೂತಿದ್ದಾಗ ಕನ್ನಡಕದ ಹುಡುಗನೊಬ್ಬ ಅವಳ ಫೋಟೋ ಹೊಡೆದ. "ನನ್ನ ಹೆಣ ತೆಗೀತ್ಯನಾ?" ಅಂತ ಅವಳು ಸೌದೆ ಎತ್ತಿದಳು. ಹುಡುಗ ನಗುತ್ತಾ ಓಡಿದ.

ಮನೆ ಏಳುತ್ತಾ ಬಂತು. ಹಲಗೆಯ ಅಚ್ಚಿನ ನಡುವೆ ಮಣ್ಣು ಸುರಿದು ಬಡಿದು, ಅಚ್ಚು ಬಿಚ್ಚಿದರೆ ಕಲ್ಲಿನಂಥ ಗೋಡೆ. ಹತ್ತು ವರ್ಷ ಗಾರೆ ಹಿಡಿದ ಉಲ್ಲಾಸನಿಗೂ ಅದು ಹೊಸದು. ಹುಡುಗರಿಗೆ ಅಂಗೈಯೆಲ್ಲ ಬೊಬ್ಬೆ. ಆದರೂ ಕೆಲಸ ಬಿಡಲಿಲ್ಲ. ಅದನ್ನು ಇಲ್ಲವೆನ್ನುವಂತಿಲ್ಲ. ಹಳೆ ಮಣ್ಣನ್ನು ಚೇತನಾ ಜರಡಿ ಹಿಡಿದೇ ಹಾಕಿಸುತ್ತಿದ್ದಳು, ಒಂದು ಹೆಂಟೆ ಉಳಿಯಗೊಡುತ್ತಿರಲಿಲ್ಲ. ಒಂದು ದಿನ ಮಾತ್ರ ಅವಳು ಸಿದ್ದಾಪುರಕ್ಕೆ ಹೋಗಿದ್ದಾಗ, ಆತುರಕ್ಕೆ ಬಿದ್ದು, ಉಲ್ಲಾಸ ಜರಡಿ ಹಿಡಿಯದೆ ನಾಲ್ಕು ಬುಟ್ಟಿ ಹಾಗೇ ಸುರಿದು ಬಡಿದುಬಿಟ್ಟ. ಬಡಗಣ ಮೂಲೆ, ಸೊಂಟದೆತ್ತರ.

ಒಳಗೋಡೆಗೆ ಚೌಡಮ್ಮನೇ ಕೆಮ್ಮಣ್ಣು ಸಾರಿಸಿದಳು. ಮಾರ್ಗಶಿರದಲ್ಲಿ ರೋಹಿಣಿಯ ಮದುವೆ. ಚಿತ್ತಾರ ಆಗ ಬರೆಯುವುದು ಅಂತ ಖಾಲಿ ಬಿಟ್ಟರು.

ಏಪ್ರಿಲ್ ಕೊನೆಗೆ ರಿಬ್ಬನ್ ಕತ್ತರಿಸಿ, ಅವಲಕ್ಕಿ ತಿಂದು, ಎರಡು ವ್ಯಾನು ಹೋದವು. ಚೇತನಾ ಅಜ್ಜಿಯನ್ನು ತಬ್ಬಿ ಅತ್ತಳು. ಅಜ್ಜಿ ಅಳಲಿಲ್ಲ. ಹೊಗೆ ಹೊರಗೆ ಹೋಗುತ್ತಿತ್ತು. ಅಷ್ಟರ ಮಟ್ಟಿಗೆ ಸರಿ.

ಮೇ ತಿಂಗಳ ನಡುವೆ ಕೊರಿಯರಿನಲ್ಲಿ ಪುಸ್ತಕ ಬಂತು. ದಪ್ಪ ಹೊಳೆಯುವ ಹಾಳೆ, ಎರಡು ಪ್ರತಿ, ಎಲ್ಲ ಇಂಗ್ಲಿಷು. ಮೇಲ್ಗಡೆಯೇ ಅವರ ಮನೆಯ ಚಿತ್ರ. ಒಳಗೆ ಒಂದು ಕಪ್ಪು ಪುಟದಲ್ಲಿ ಟಾರ್ಪಾಲಿನ ಕೆಳಗೆ ಕೂದಲು ಕೆದರಿದ ಚೌಡಮ್ಮ. ಕೆಳಗೆ ಇರುವೆಯಂಥ ಬಿಳಿ ಅಕ್ಷರ. ರೋಹಿಣಿ ಅದನ್ನು ನೋಡಿ ಬಿದ್ದು ಬಿದ್ದು ನಕ್ಕಳು. "ಅಜ್ಜಿ, ಚೌಡಿ ಮೈಮೇಲೆ ಬಂದಂಗೆ ಕಾಣ್ತೆ ನೋಡು!" ಉಲ್ಲಾಸನೂ ನಕ್ಕ. ಅಕ್ಷರ ಓದುವ ಗೋಜಿಗೆ ಹೋಗಲಿಲ್ಲ. ಓದಿದರೂ ಪೂರ್ತಿ ತಿಳಿಯುತ್ತಿರಲಿಲ್ಲ, ಒಂಬತ್ತನೇ ಕ್ಲಾಸಿನ ಇಂಗ್ಲಿಷಿಗೆ ಅಷ್ಟು ಹಲ್ಲಿರಲಿಲ್ಲ.

ನಾಲ್ಕು ದಿನಕ್ಕೆ ಶಾಂತಾರಾಮ ಒಂದು ನೋಟೀಸು ತಂದ. ಕೆರಿಯಪ್ಪನ ಅರ್ಜಿಯ ಮರುಪರಿಶೀಲನೆ, ಬರುವ ಗುರುವಾರ, ಸ್ಥಳದಲ್ಲೇ. ಹದಿನೈದು ವರ್ಷ ಬಾರದ ಸಾಹೇಬರು ಈಗ ಎಂಟು ದಿನದಲ್ಲಿ ಬರುತ್ತಿದ್ದರು. ಉಲ್ಲಾಸ ನೋಟೀಸನ್ನು ಎರಡೆರಡು ಸಲ ಓದಿದ. ಆಮೇಲೆ ಎದೆ ಸೆಟೆಸಿ, ಒಳಗಿನಿಂದ ಪುಸ್ತಕದ ಒಂದು ಪ್ರತಿ ತಂದು ಗಾರ್ಡಿನ ಕೈಗಿಟ್ಟ.

"ಆಫೀಸಲ್ಲಿ ಇರ್ಲಿ. ನಮ್ಮ ಮನೆ ಪುಸ್ತಕದಲ್ಲಿ ಬಂದದೆ. ಸಾಹೇಬ್ರಿಗೂ ತೋರ್ಸಿ."

ಶಾಂತಾರಾಮ ಹಾಳೆ ತಿರುವಿದ. ಕಪ್ಪು ಪುಟದಲ್ಲಿ ಅವನ ಬೆರಳು ನಿಂತಿತು. "ಇದನ್ನ ಕೊಡೂದು ಹೌದಾ?" ಎಂದ.

"ಯಾಕೆ, ಹೊಟ್ಟೆಕಿಚ್ಚನಾ?"

"ಹೊಟ್ಟೆಕಿಚ್ಚೂ ಅಲ್ಲ ಎಂತದೂ ಅಲ್ಲ," ಅಂದ ಶಾಂತಾರಾಮ. ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡ.

ಅವನು ಹೋದ ಮೇಲೆ ಚೌಡಮ್ಮ ಒಂದೇ ಮಾತು ಕೇಳಿದಳು. "ಸಾಹೇಬ್ರು ಬಂದಾಗ ಎಂತ ಎತ್ತಿ ತೋರಿಸ್ತೆ ತಮಾ?"

ಉಲ್ಲಾಸ ಗುಡ್ಡ ಹತ್ತಿ, ಸಿಗ್ನಲ್ ಸಿಗುವ ಬಂಡೆಯ ಮೇಲೆ ನಿಂತು ಚೇತನಾಳಿಗೆ ಫೋನು ಮಾಡಿದ. ಜಾಗದ ಕತೆ, ಅರ್ಜಿಯ ಕತೆ, ಆ ದಿನ ನುಂಗಿಕೊಂಡದ್ದನ್ನೆಲ್ಲ ಈಗ ಕಕ್ಕಿದ.

"ಅವತ್ತೇ ಯಾಕೆ ಹೇಳಲಿಲ್ಲ ನೀವು?"

"ಹೇಳಿದ್ರೆ ಕಟ್ತಿದ್ರಾ?"

ಅವಳು ಮಾತು ಬದಲಿಸಿದಳು. "ನಾವೆಲ್ಲ ತೆಗೆದ ಹಳೇ ಮನೆ ಫೋಟೋ ಸರ್ ಹತ್ತಿರ ಇದೆ, ಅವರು ಹೊರದೇಶಕ್ಕೆ ಹೋಗಿದಾರೆ, ಫೋನಿಗೂ ಸಿಗ್ತಿಲ್ಲ. ನನ್ನ ಹತ್ತಿರ ಒಂದೇ ಒಂದಿದೆ. ಕಳಿಸ್ತೀನಿ."

ಬಂತು. ಚಿತ್ತಾರದ ಗೆರೆಗಳನ್ನು ತೀರಾ ಹತ್ತಿರದಿಂದ ತೆಗೆದದ್ದು. ಬಹಳ ಚಂದವಿತ್ತು. ಮನೆಯಿಲ್ಲ, ಬಾಗಿಲಿಲ್ಲ, ಕ್ಯಾಲೆಂಡರಿಲ್ಲ. ಎಲ್ಲಿಯ ಗೋಡೆ ಬೇಕಾದರೂ ಆಗಬಹುದಿತ್ತು.

ಗುರುವಾರ ಬೆಳಿಗ್ಗೆ ಜೀಪು ಬಂತು. ಶಾಂತಾರಾಮನೂ ಸೇರಿ ಮೂರು ಮಂದಿ ಇಳಿದರು. ಮುಂದಿದ್ದ ಸಾಹೇಬರು ಮಧುಕೇಶ್ವರ ಅಂತ, ಬನವಾಸಿ ಕಡೆಯವರು. ಮೈತುಂಬ ಬೆವರು, ಕೈಯಲ್ಲಿ ಕಡತ. ಕಡತದ ನಡುವಿನಿಂದ ಹೊಳೆಯುವ ಹಾಳೆಯ ತುದಿಯೊಂದು ಹೊರಗೆ ಇಣುಕುತ್ತಿತ್ತು. ಮನೆಯ ಹಿಂದೆ ನಂಬರು ಬಿದ್ದಿದ್ದ ಮತ್ತಿ ಮರ ಆಗಲೇ ಹೋಗಿ ಬುಡ ಮಾತ್ರ ಉಳಿದಿತ್ತು. ಅವರು ಅದರ ಮೇಲೇ ಕೂತರು.

"ಕೆರಿಯಪ್ಪನ ಮಗಾ ನೀನ? ಎಲ್ಲೈತಪ್ಪಾ ಹಳೀ ಮನಿ?"

"ಇಲ್ಲೇ ಇತ್ತು ಸರ್. ಇದೇ ಜಾಗದಲ್ಲಿ."

"ಇತ್ತು ಅಂದ್ರ ನಾ ಏನ್ ಬರೀಲಿ? ಐತಿ ಅನ್ನೂದನ್ನ ತೋರ್ಸು." ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಉಲ್ಲಾಸನಿಗೆ ಹೆಚ್ಚು ಹೆದರಿಕೆಯಾಯಿತು.

ಚೌಡಮ್ಮ ಎದ್ದು ಹೋಗಿ ಹೊಸ ಗೋಡೆಯ ಮೇಲೆ ಅಂಗೈ ಇಟ್ಟಳು. "ಇದ್ರ ಒಳಗದೆ ಸಾಹೇಬ್ರೆ. ಪುಡಿ ಮಾಡಿ ಇದ್ರ ಒಳಗೇ ಹಾಕಿದ್ರು."

ಉಲ್ಲಾಸ ಫೋನು ಚಾಚಿದ. ಮಧುಕೇಶ್ವರ ಕನ್ನಡಕ ಏರಿಸಿ ಚಿತ್ತಾರದ ಗೆರೆಗಳನ್ನು ನೋಡಿ ವಾಪಸು ಕೊಟ್ಟರು. ಆಮೇಲೆ ಕಡತದಿಂದ ಪುಸ್ತಕ ತೆಗೆದು ಕಪ್ಪು ಪುಟ ಬಿಡಿಸಿದರು. "ಇದನ್ನ ನೀನ ಕೊಟ್ಟದ್ದು ಹೌದಲ್ಲ? ಏನ್ ಬರದಾರ ಓದೀಯೇನು?"

"ಫೋಟೋ ನೋಡಿದೀನಿ."

"ಬಿಫೋರ್ ಅಂತ ಐತಿ ಮ್ಯಾಲೆ. ಅಂದ್ರ ಮೊದಲು. ಕೇಳು." ಅವರು ಇಂಗ್ಲಿಷನ್ನು ನಿಧಾನಕ್ಕೆ ಕನ್ನಡ ಮಾಡುತ್ತಾ ಓದಿದರು. "ಈ ಕುಟುಂಬಕ್ಕೆ ಮನೆ ಅನ್ನೂದೇ ಇರ್ಲಿಲ್ಲ. ಕಾಡಿನ ಅಂಚಿನ ಖಾಲಿ ಜಾಗದಾಗ, ಪ್ಲಾಸ್ಟಿಕ್ ಹೊದಿಕಿ ಕೆಳಗ ವಾಸ ಮಾಡ್ತಿದ್ರು. ನಾವು ಬರೂ ಮೊದಲು ಇಲ್ಲೇನೂ ಇರ್ಲಿಲ್ಲ."

"ಸುಳ್ಳು!" ಉಲ್ಲಾಸ ಕೂಗಿದ. "ಅದು ಅವ್ರು ಕೆಡವಿದ ಮೇಲಿನ ಫೋಟೋ! ಏಳು ವಾರ ಅಷ್ಟೇ ಇದ್ದದ್ದು ನಾವು ಅದ್ರ ಕೆಳಗೆ!"

"ಇರಬಹುದು. ಹಂಗಾರ ಕಾಲೇಜಿನಾವ್ರು ಸುಳ್ಳು ಬರದಾರ, ನೀ ಖುದ್ದು ಅದನ್ನ ತಂದು ಆಫೀಸಿಗೆ ಕೊಟ್ಟೀ. ನಾ ಯಾವುದನ್ನ ನಂಬಲೀ ಹೇಳು?"

ಶಾಂತಾರಾಮ ನೆಲ ನೋಡುತ್ತಿದ್ದ.

ಉಲ್ಲಾಸ ಒಳಗೆ ನುಗ್ಗಿ ಅದೇ ಗುದ್ದಲಿ ತಂದ. ಬಡಗಣ ಮೂಲೆ, ಸೊಂಟದೆತ್ತರ. ಜರಡಿ ಹಿಡಿಯದೆ ಸುರಿದ ನಾಲ್ಕು ಬುಟ್ಟಿ. ಹೊಸ ಗೋಡೆಗೆ ಬೀಸಿ ಬೀಸಿ ಹೊಡೆದ. ರೋಹಿಣಿ ಚೀರಿದಳು. ಗೋಡೆ ಹಳೆಯದಕ್ಕಿಂತಲೂ ಗಟ್ಟಿಯಾಗಿತ್ತು, ತಾನೇ ಬಡಿದದ್ದು. ಚೂರು ಚೂರೇ ಉದುರಿತು. ಕೊನೆಗೆ ನಿಂಬೆಹಣ್ಣಿನ ಗಾತ್ರದ ಒಂದು ಹೆಂಟೆ ಕೈಗೆ ಬಂತು. ಎಂಜಲು ಹಚ್ಚಿ ಒರೆಸಿದ. ಕೆಂಪು, ಬಿಳಿ, ಕೆಂಪು, ಬಿಳಿ, ಕೆಂಪು, ಕೂದಲೆಳೆಯಂಥ ಹಳದಿ ಗೆರೆ.

"ಇಲ್ಲಿ ಸರ್! ಮೂರು! ಎಣಿಸಿ! ನಮ್ಮಪ್ಪಂದು, ಅಜ್ಜಿದು, ಅಜ್ಜಿಯ ಅತ್ತೇದು!"

ಮಧುಕೇಶ್ವರ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಒಂದು ಗಳಿಗೆ ಅವರ ಮುಖದಲ್ಲಿ ಏನೋ ಆಡಿತು. ಆಮೇಲೆ ಜೋಪಾನವಾಗಿ ವಾಪಸು ಉಲ್ಲಾಸನ ಅಂಗೈಗೆ ಇಟ್ಟರು.

"ಗ್ವಾಡಿ ಮ್ಯಾಲೆ ಇದ್ದಿದ್ರ ಬರಕೋತಿದ್ದೆ, ತಮ್ಮಾ. ಹೆಂಟಿ ಎಲ್ಲಿಂದ ಬೇಕಾದ್ರೂ ತರಬಹುದು." ಪೆನ್ನು ತೆಗೆದರು. ಬರೆಯುವುದನ್ನು ಜೋರಾಗಿ ಓದುತ್ತಲೇ ಬರೆದರು, ಕಡತಕ್ಕೆ ಹೋಗುವ ಕನ್ನಡದಲ್ಲಿ. "ಸ್ಥಳದಲ್ಲಿ ಹಳೆಯ ವಾಸದ ಕುರುಹು ಕಂಡುಬಂದಿಲ್ಲ. ಮನೆಯ ವಯಸ್ಸು, ಒಂದು ತಿಂಗಳು."

ಚೌಡಮ್ಮನ ಹೆಬ್ಬೆರಳಿಗೆ ಶಾಯಿ ಹಚ್ಚಿ ಒತ್ತಿಸಿಕೊಂಡರು. ಅತಿಕ್ರಮಣದ ಹೊಸ ಕಟ್ಟಡಗಳಿಗೆ ನಂಬರು ಹಾಕಬೇಕೆಂದು ಆದೇಶವಿತ್ತು. ಹೊರಗೋಡೆ ಒರಟು, ಬಣ್ಣ ಹಿಡಿಯಲಿಲ್ಲ. ಶಾಂತಾರಾಮ ಡಬ್ಬಿ ಹಿಡಿದುಕೊಂಡು ಒಳಗೆ ಬಂದ. ಕೆಮ್ಮಣ್ಣು ಸಾರಿಸಿ ರೋಹಿಣಿಯ ಮದುವೆಗೆ ಅಂತ ಬಿಟ್ಟಿದ್ದ ಗೋಡೆ ನುಣ್ಣಗಿತ್ತು. ಯಾರ ಮುಖವನ್ನೂ ನೋಡದೆ, ನಟ್ಟ ನಡುವೆ, ಮತ್ತಿ ಮರಕ್ಕೆ ಬರೆದ ಕುಂಚದಲ್ಲೇ ಬರೆದ. ಕೆಂಪು ಮಣ್ಣಿನ ಮೇಲೆ ಕೆಂಪು ಬಣ್ಣ ಕಾಣಲಿಕ್ಕಿಲ್ಲ ಅಂದುಕೊಂಡಿದ್ದ ಉಲ್ಲಾಸ. ಚೆನ್ನಾಗೇ ಕಂಡಿತು.

ಜೀಪಿನ ಸದ್ದು ಕಾಡಿನಲ್ಲಿ ಕರಗಿತು. ಆಮೇಲೆ ಉಲ್ಲಾಸ ಗಾರೆಯ ಕರಣೆ ಎತ್ತಿಕೊಂಡು ನಂಬರಿನ ಕಡೆ ನಡೆದ. ಹಸಿ ಬಣ್ಣಕ್ಕೆ ಕರಣೆಯ ಮೂತಿ ತಾಗಿಸಿದ್ದ, ಅಷ್ಟರಲ್ಲಿ ಚೌಡಮ್ಮ ಅವನ ಮಣಿಕಟ್ಟು ಹಿಡಿದಳು. ಶಾಯಿಯ ಹೆಬ್ಬೆರಳು ಅವನ ಚರ್ಮಕ್ಕೆ ಅಂಟಿತು.

"ಬ್ಯಾಡ, ಬಿಡು," ಎಂದಳು. "ಈ ಮನೇಲಿ ಗೋಡೆ ಮೇಲೆ ಬರ್ದಿದ್ದನ್ನ ಒಂದ್ಸಲ ಕೆರೆದು ಆತಲ್ಲ, ಸಾಕು."